ಅಡಕೆ ತೋಟದ ಸೆನ್ಸರ್ ಚಿಪ್‌ಗೆ 8 ಫೇಸಿನ ಕ್ಲಾಕ್ ಬೇಕು: ಡಿಎಲ್‌ಎಲ್ ಬಿಟ್ಟು ಕಡಿಮೆ ಪವರಿನ ದಾರಿ ಉಂಟಾ?

ಪೆರ್ಲದ ತೋಟ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನವಳು, ಪೆರ್ಲದ ಹತ್ತಿರ ಮನೆ. ಎಂ.ಟೆಕ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಸಣ್ಣ ಚಿಪ್ ಬ್ಲಾಕ್ ಮಾಡ್ತಾ ಇದ್ದೇನೆ. ಒಂದೇ ಕ್ಲಾಕಿನ (ಸಮನಾಗಿ ಏರಿಳಿಯುವ ಸಿಗ್ನಲಿನ) 8 ಪ್ರತಿಗಳನ್ನು, ಒಂದಕ್ಕಿಂತ ಒಂದು 45 ಡಿಗ್ರಿ ತಡವಾಗಿ ಕೊಡುವುದು ಅದರ ಕೆಲಸ; ಆ ಪ್ರತಿಗಳೇ ಫೇಸ್. ಈಗ ಇರುವುದು ಡಿಎಲ್‌ಎಲ್ (ಡಿಲೇ ಲಾಕ್ಡ್ ಲೂಪ್), ಅಂದರೆ ಕ್ಲಾಕನ್ನು ಹಂತ ಹಂತವಾಗಿ ತಡಮಾಡಿ ಫೇಸ್ ತೆಗೆಯುವ ಸರ್ಕ್ಯೂಟ್. ಪ್ರಶ್ನೆ ಸ್ವಲ್ಪ ಉದ್ದ ಆಗ್ತದೆ. ಹಿನ್ನೆಲೆ ಹೇಳದೆ ಕೇಳಿದರೆ ಉತ್ತರ ಕೊಡುವವರಿಗೇ ಕಷ್ಟ, ಹಾಗಾಗಿ ಪೂರ್ತಿ ಬರೆಯುತ್ತೇನೆ.

ಅಡಕೆ ಮರದ ಬುಡದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಇದು. ನಮ್ಮ ಕಡೆ ವರ್ಷಕ್ಕೆ 3500 ಮಿಲಿಮೀಟರಿನಷ್ಟು ಮಳೆ ಬಂದರೂ ಮುರ (ಜಂಬಿಟ್ಟಿಗೆ) ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಡಿಸೆಂಬರ್ ಕಳೆದ ಮೇಲೆ ಜೆಟ್ (ಸ್ಪ್ರಿಂಕ್ಲರ್) ಇಡಲೇಬೇಕು. ಏಪ್ರಿಲ್ ಹೊತ್ತಿಗೆ ಸುರಂಗದ (ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಾವಿಯ) ನೀರು ನೂಲಿನಷ್ಟು ಆಗ್ತದೆ. ಆಗ ಯಾವ ಸಾಲಿಗೆ ಎಷ್ಟು ಹೊತ್ತು ನೀರು ಬಿಡಬೇಕು ಎನ್ನುವುದು ಅಪ್ಪನಿಗೆ ಅಂದಾಜಿನ ಕೆಲಸ. ಆ ಅಂದಾಜಿಗೆ ಒಂದು ನಂಬುವ ಸಂಖ್ಯೆ ಕೊಡ್ಲಿಕ್ಕೆ ಆಗಬೇಕು ಎಂಬ ಆಸೆಯಿಂದಲೇ ಈ ಪ್ರಾಜೆಕ್ಟ್ ಹಿಡಿದದ್ದು.

ಅಳೆಯುವ ಕ್ರಮ ಹೀಗೆ: ಎರಡು ಲೋಹದ ಪಟ್ಟಿ ಮಣ್ಣಿಗೆ ಹುಗಿದು, ನಡುವೆ 20 ಮೆಗಾಹರ್ಟ್ಸ್ ಸಿಗ್ನಲ್ ಕೊಟ್ಟು, ಹರಿಯುವ ಕರೆಂಟನ್ನು ಎರಡು ಪಾಲು ಮಾಡುವುದು. ವೋಲ್ಟೇಜಿನ ಜೊತೆಗೇ ಏರಿಳಿಯುವ ಪಾಲು ಮಣ್ಣಿನ ಉಪ್ಪಿನದ್ದು, ಗೊಬ್ಬರದ್ದು. 90 ಡಿಗ್ರಿ ಮುಂದಿರುವ ಪಾಲು ಕೆಪ್ಯಾಸಿಟೆನ್ಸಿನದ್ದು (ಚಾರ್ಜ್ ಹಿಡಿದಿಡುವ ಗುಣದ್ದು), ಅಂದರೆ ಹೆಚ್ಚಾಗಿ ನೀರಿನದ್ದು. ನೀರಿನ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ (ಕೆಪ್ಯಾಸಿಟೆನ್ಸನ್ನು ಎಷ್ಟು ಪಟ್ಟು ಏರಿಸ್ತದೆ ಎನ್ನುವ ಸಂಖ್ಯೆ) 80ರ ಹತ್ತಿರ, ಒಣ ಮಣ್ಣಿನದ್ದು 3ರಿಂದ 5. ಹಾಗಾಗಿ ಈ ಎರಡನೇ ಪಾಲೇ ಬೇಕಾದದ್ದು.

ಫೇಸ್ ಸರಿ ಇಲ್ಲದಿದ್ದರೆ ಎಂಥ ಆಗ್ತದೆ ಎಂದು ಲೆಕ್ಕ ಹಾಕಿದ್ದೇನೆ. ಹಟ್ಟಿಗೊಬ್ಬರ ಹಾಕಿದ ಒದ್ದೆ ಮಣ್ಣಿನ ವಾಹಕತೆ ಮೀಟರಿಗೆ 0.05 ಸೀಮೆನ್ಸ್, ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 20 ಎಂದು ಹಿಡಿದರೆ, 1 ಮೆಗಾಹರ್ಟ್ಸಿನಲ್ಲಿ ಉಪ್ಪಿನ ಕರೆಂಟು ನೀರಿನ ಕರೆಂಟಿನ 45 ಪಟ್ಟು. ಅಲ್ಲಿ ಫೇಸ್ 1 ಡಿಗ್ರಿ ಜಾರಿದರೆ ನೀರಿನ ರೀಡಿಂಗಿಗೆ ಶೇಕಡಾ 78ರಷ್ಟು ಸುಳ್ಳು ಸೇರ್ತದೆ. 20 ಮೆಗಾಹರ್ಟ್ಸಿಗೆ ಹೋದರೆ ಅದೇ ಅನುಪಾತ 2.25ಕ್ಕೆ ಇಳೀತದೆ, 1 ಡಿಗ್ರಿಗೆ ಶೇಕಡಾ 4ರಷ್ಟು ಮಾತ್ರ. ಆದ ಕಾರಣ 20 ಮೆಗಾಹರ್ಟ್ಸ್.

8 ಫೇಸ್ ಯಾಕೆ ಎಂದರೆ ಹಾರ್ಮೋನಿಕ್, ಅಂದರೆ ಮೂಲ ಫ್ರೀಕ್ವೆನ್ಸಿಯ 3, 5 ಪಟ್ಟಿನಲ್ಲಿ ಜೊತೆಗೆ ಬರುವ ಅಲೆಗಳು. ನಾನು ಕೊಡುವುದು ಚೌಕ ಅಲೆ. ಅದರ 3ನೇ ಹಾರ್ಮೋನಿಕ್ ಮೂರನೇ ಒಂದು ಎತ್ತರದ್ದು. ಆದರೆ ಕೆಪ್ಯಾಸಿಟರಿನ ಕರೆಂಟು ಫ್ರೀಕ್ವೆನ್ಸಿಯ ಜೊತೆ ಏರುವುದರಿಂದ ಆ ಕರೆಂಟು ಮೂಲದಷ್ಟೇ ದೊಡ್ಡದಾಗಿ ಬರ್ತದೆ. ಡಿಟೆಕ್ಟರ್, ಅಂದರೆ ಅದೇ ಕ್ಲಾಕಿನ ಜೊತೆ ಕರೆಂಟನ್ನು ಹೋಲಿಸಿ ಅಳೆಯುವ ಭಾಗ, ಅದಕ್ಕೆ ಮೂರನೇ ಒಂದು ತೂಕ ಕೊಡ್ತದೆ. ಕೊನೆಗೆ 20 ಮೆಗಾಹರ್ಟ್ಸಿನ ಪಾಲಿನ ಮೂರನೇ ಒಂದರಷ್ಟು 60 ಮೆಗಾಹರ್ಟ್ಸಿನ ಮಣ್ಣಿನದ್ದು ಅಳತೆಗೆ ಸೇರಿಬಿಡ್ತದೆ. 45 ಡಿಗ್ರಿ ಅಂತರದ ಫೇಸುಗಳನ್ನು 1, 1.414, 1 ತೂಕದಲ್ಲಿ ಕೂಡಿಸಿದರೆ 3 ಮತ್ತು 5ನೇ ಹಾರ್ಮೋನಿಕ್ ಎರಡೂ ಹೋಗ್ತವೆ ಎಂದು ಓದಿ 8 ಫೇಸಿಗೆ ಹೊರಟದ್ದು.

ಬಳಸುವುದು ಸ್ಕೈವಾಟರ್ ಚಿಪ್ ಕಾರ್ಖಾನೆಯ 130 ನ್ಯಾನೋಮೀಟರ್ ಓಪನ್ ಪಿಡಿಕೆ (ಎಲ್ಲರಿಗೂ ತೆರೆದ ಡಿಸೈನ್ ಕಿಟ್), 1.8 ವೋಲ್ಟ್. ಎಕ್ಸ್‌ಸ್ಕೀಮಿನಲ್ಲಿ ಬಿಡಿಸಿ ಎನ್‌ಜಿಸ್ಪೈಸಿನಲ್ಲಿ ಸಿಮ್ಯುಲೇಶನ್ ಓಡಿಸ್ತೇನೆ. 8 ಹಂತದ ಕರೆಂಟ್ ಸ್ಟಾರ್ವ್ಡ್ (ಕರೆಂಟ್ ಬಿಗಿಹಿಡಿದು ತಡಮಾಡುವ) ಡಿಲೇ ಲೈನ್, ತಪ್ಪು ನೋಡುವ ಫೇಸ್ ಡಿಟೆಕ್ಟರ್, ಅದನ್ನು ತಿದ್ದುವ ಚಾರ್ಜ್ ಪಂಪ್: ಪುಸ್ತಕದ ಡಿಎಲ್‌ಎಲ್. ಟಿಟಿ ಕಾರ್ನರಿನಲ್ಲಿ (ಟ್ರಾನ್ಸಿಸ್ಟರುಗಳು ಸಾಮಾನ್ಯ ವೇಗದಲ್ಲಿದ್ದಾಗ) ಚಂದ ಲಾಕ್ ಆಗ್ತದೆ, ಅಂದರೆ ಒಟ್ಟು ತಡ ಸರಿಯಾದಲ್ಲಿ ನಿಲ್ತದೆ, ಆದರೆ 250 ಮೈಕ್ರೋವ್ಯಾಟ್ ತಿನ್ನುತ್ತದೆ. ಎಸ್‌ಎಸ್ ಕಾರ್ನರ್ (ನಿಧಾನದ ಟ್ರಾನ್ಸಿಸ್ಟರ್), 85 ಡಿಗ್ರಿ ಸೆಲ್ಸಿಯಸ್ಸಿಗೆ ಹೋದರೆ ಲಾಕ್ ಆದ ಹಾಗೆ ತೋರಿಸ್ತದೆ, ಆದರೆ ಹಂತಗಳ ಅಂತರ 45ರ ಬದಲು 90 ಡಿಗ್ರಿ. ಗೈಡ್ ಹೇಳಿದ ಮಿತಿ 50 ಮೈಕ್ರೋವ್ಯಾಟ್. ಹಂತಗಳ ಕರೆಂಟ್ ಅರ್ಧ ಮಾಡಿ ನೋಡಿದೆ, ಒಟ್ಟು ಪವರ್ ಇಳಿಯುವ ಬದಲು ಸ್ವಲ್ಪ ಏರಿತು. ಇದು ಯಾಕೆ, ಮತ್ತು ಡಿಎಲ್‌ಎಲ್ ಇಟ್ಟುಕೊಂಡೇ 50ಕ್ಕೆ ಇಳಿಸ್ಲಿಕ್ಕೆ ಆಗ್ತದಾ? ಗೊತ್ತಿದ್ದವರು ದಯಮಾಡಿ ಹೇಳಿ.

ತಳಿ ರಸ್ತೆ, ಹೊಸೂರು

ಪ್ರಶ್ನೆ ಕೇಳೋ ಕ್ರಮ ಇದು. ಮಣ್ಣಿನ ಲೆಕ್ಕದಿಂದ ಫೇಸಿನ ಲೆಕ್ಕಕ್ಕೆ ಬಂದಿದ್ದೀರಿ, ಬಹಳ ಖುಷಿಯಾಯ್ತು. ನಾನು ಅನಲಾಗ್ ಡಿಸೈನ್‌ನಲ್ಲಿರೋನು. ದಿನಾ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋಗಿ ಬರೋದರಲ್ಲಿ ರಾತ್ರಿ ಆಗುತ್ತೆ, ಅದಕ್ಕೆ ಉತ್ತರ ತಡವಾಯ್ತು.

ಮೊದಲು ಪವರ್ ಯಾಕೆ ಏರಿತು ಅನ್ನೋದು. ಹಂತದ ಕರೆಂಟ್ ಕಡಿಮೆ ಮಾಡಿದಾಗ ಅದರ ಎಡ್ಜ್ (ಸಿಗ್ನಲ್ ಏರೋ, ಇಳಿಯೋ ಅಂಚು) ನಿಧಾನ ಆಗುತ್ತೆ. ನಿಮ್ಮ ಲೈನಿನಲ್ಲಿ ಒಂದೊಂದು ಹಂತ 6.25 ನ್ಯಾನೋಸೆಕೆಂಡು ಎಳೀಬೇಕು, ಅಂದರೆ ಎಡ್ಜ್‌ಗಳೂ ಅದೇ ಅಳತೆಯ ನಿಧಾನದವು. ಆ ಓರೆ ಎಡ್ಜ್ ಮುಂದಿನ ಬಫರಿನ (ಸಿಗ್ನಲ್ಲಿಗೆ ಬಲ ಕೊಡೋ ಹಂತದ) ಗೇಟಿಗೆ ಹೋದಾಗ, ವೋಲ್ಟೇಜ್ ನಡುವಿನಲ್ಲಿ ತೂಗಾಡೋ ಅಷ್ಟೂ ಹೊತ್ತು ಪಿಮಾಸ್ ಎನ್‌ಮಾಸ್ ಟ್ರಾನ್ಸಿಸ್ಟರ್ ಎರಡೂ ಕರೆಂಟ್ ಬಿಡುತ್ತವೆ. ಸಪ್ಲೈಯಿಂದ ಗ್ರೌಂಡಿಗೆ ನೇರ ದಾರಿ. ಲೈನಿನಲ್ಲಿ ಉಳಿಸಿದ್ದನ್ನ ಬಫರಿನಲ್ಲಿ ಕಳೆದುಕೊಳ್ತೀರಿ. ಬಫರ್‌ಗಳ ಸಪ್ಲೈನ ಬೇರೆ ವೋಲ್ಟೇಜ್ ಸೋರ್ಸಿಗೆ ಹಾಕಿ ಕರೆಂಟ್ ನೋಡಿ. 250ರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಸಿಗುತ್ತೆ ಅಂತ ನನ್ನ ಊಹೆ.

ಎಸ್‌ಎಸ್‌ನಲ್ಲಿ 90 ಡಿಗ್ರಿ ಬಂದದ್ದು ಹಾರ್ಮೋನಿಕ್ ಲಾಕ್. ಲೂಪ್ ಬಯಸೋದು ಲೈನಿನ ಒಟ್ಟು ವಿಳಂಬ ಒಂದು ಪೂರ್ತಿ ಪೀರಿಯಡ್, ಅಂದರೆ 50 ನ್ಯಾನೋಸೆಕೆಂಡು ಆಗಲಿ ಅಂತ. ಆದರೆ ಡಿಟೆಕ್ಟರಿಗೆ 50ಕ್ಕೂ 100ಕ್ಕೂ ವ್ಯತ್ಯಾಸ ಕಾಣಲ್ಲ. ಪವರ್ ಬಂದ ಕ್ಷಣದಲ್ಲಿ ವಿಳಂಬ ಅರ್ಧ ಪೀರಿಯಡ್‌ಗಿಂತ ಹೆಚ್ಚು, ಒಂದೂವರೆ ಪೀರಿಯಡ್‌ಗಿಂತ ಕಡಿಮೆ ಇದ್ದರೆ ಮಾತ್ರ ಸರಿಯಾದ ಕಡೆ ಓಡುತ್ತೆ. ನಿಮ್ಮ ಲೈನ್ ಎಸ್‌ಎಸ್‌ನಲ್ಲಿ 75ರ ಮೇಲೆ ಶುರುವಾಗಿ 100ಕ್ಕೆ ಹೋಗಿ ಕೂತಿದೆ. ಇದನ್ನ ತಡೆಯೋಕೆ ಸ್ಟಾರ್ಟಪ್ ಸರ್ಕ್ಯೂಟು, ಲಾಕ್ ರೇಂಜ್ ನೋಡೋ ಲಾಜಿಕ್ಕು ಎಲ್ಲಾ ಸೇರಿಸಬೇಕು. ಪ್ರತಿಯೊಂದಕ್ಕೂ ಪವರ್ ಕೊಡಬೇಕು.

ಡಿಎಲ್‌ಎಲ್ ಕೆಟ್ಟದ್ದು ಅಂತ ಹೇಳ್ತಿಲ್ಲ. ಮೆಮೊರಿ ಕಂಟ್ರೋಲರಿನಲ್ಲಿ ಡಿಡಿಆರ್ ಮೆಮೊರಿಯ ರೀಡ್ ಸ್ಟ್ರೋಬನ್ನ (ಡೇಟಾ ಯಾವಾಗ ಓದಬೇಕು ಅಂತ ಹೇಳೋ ಸಿಗ್ನಲ್) ಕಾಲು ಪೀರಿಯಡ್ ಸರಿಸೋಕೆ ಅದೇ ಬೇಕು. ಅಲ್ಲಿ ಸ್ಟ್ರೋಬ್ ಬರೋದು ಹೊರಗಿಂದ, ಬಂದದ್ದನ್ನ ಸರಿಸೋದು ಬಿಟ್ಟು ದಾರಿ ಇಲ್ಲ. ನಿಮ್ಮಲ್ಲಿ ಕ್ಲಾಕ್ ಹುಟ್ಟಿಸೋರು ನೀವೇ. ಇದ್ದ ಕ್ಲಾಕನ್ನ ತಡಮಾಡಿ ಫೇಸ್ ಪಡೆಯೋ ಬದಲು, ಮೇಲಿನ ಫ್ರೀಕ್ವೆನ್ಸಿಯಿಂದ ಭಾಗಿಸಿ ಫೇಸ್ ತಗೊಳ್ಳಿ. ಭಾಗಾಕಾರದಲ್ಲಿ ಬರೋ ಕೋನ ಕಾರ್ನರ್ ಬದಲಾದರೂ, ಬಿಸಿಲು ಏರಿದರೂ ಅಲ್ಲಾಡಲ್ಲ. ಅದು ಟ್ರಾನ್ಸಿಸ್ಟರಿನ ವೇಗದ ಮೇಲೆ ನಿಂತಿಲ್ಲ, ಎಣಿಕೆಯ ಮೇಲೆ ನಿಂತಿದೆ.

ಇಲ್ಲಿ ಎಚ್ಚರ ಇಡಬೇಕಾದ ಜಾಗ ಒಂದಿದೆ. ಎಲ್ಲಕ್ಕಿಂತ ಅಗ್ಗದ ಭಾಗಿಸೋ ವಿಧಾನ ಎರಡು ಲ್ಯಾಚ್ (ಒಂದು ಬಿಟ್ ಹಿಡಿದಿಡೋ ಸರ್ಕ್ಯೂಟ್), ಮಾಸ್ಟರ್ ಮತ್ತು ಸ್ಲೇವ್. 40 ಮೆಗಾಹರ್ಟ್ಸ್ ಕೊಟ್ಟರೆ ಮಾಸ್ಟರಿನಿಂದ ಒಂದು 20, ಸ್ಲೇವಿನಿಂದ ಇನ್ನೊಂದು 20, ನಡುವೆ 90 ಡಿಗ್ರಿ. ಒಟ್ಟು 50 ಫೆಮ್ಟೋಫ್ಯಾರಡ್ ಕೆಪ್ಯಾಸಿಟೆನ್ಸ್ ಪ್ರತಿ ಪೀರಿಯಡ್‌ಗೂ ತುಂಬಿ ಖಾಲಿಯಾದರೂ 1.8 ವೋಲ್ಟಿನಲ್ಲಿ 6.5 ಮೈಕ್ರೋವ್ಯಾಟ್. ಆದರೆ ಇದು ಕ್ಲಾಕಿನ ಏರೋ ಎಡ್ಜು, ಇಳಿಯೋ ಎಡ್ಜು ಎರಡನ್ನೂ ಬಳಸುತ್ತೆ. ಡ್ಯೂಟಿ, ಅಂದರೆ ಕ್ಲಾಕ್ ಮೇಲಿರೋ ಹೊತ್ತಿನ ಪಾಲು, ಶೇಕಡಾ 50ರ ಬದಲು 52 ಆದರೆ ಅರ್ಧ ನ್ಯಾನೋಸೆಕೆಂಡು ತಪ್ಪು, ನಿಮ್ಮ 20 ಮೆಗಾಹರ್ಟ್ಸಿನಲ್ಲಿ ಅದು 3.6 ಡಿಗ್ರಿ. ನಿಮ್ಮ ಲೆಕ್ಕದ ಪ್ರಕಾರವೇ ನೀರಿನ ರೀಡಿಂಗ್ ಶೇಕಡಾ 14ರಷ್ಟು ಹೋಯ್ತು. ಡ್ಯೂಟಿ ಟೆಂಪರೇಚರಿನ ಜೊತೆ ಓಡಾಡೋದರಿಂದ ಒಮ್ಮೆ ತಿದ್ದಿ ಬಿಡೋಕೂ ಆಗಲ್ಲ.

ಅದಕ್ಕೇ ಜಾನ್ಸನ್ ಕೌಂಟರ್. ಫ್ಲಿಪ್‌ಫ್ಲಾಪ್‌ಗಳನ್ನ (ಕ್ಲಾಕಿನ ಎಡ್ಜಿಗೆ ಮಾತ್ರ ಬದಲಾಗೋ ಲ್ಯಾಚ್ ಜೋಡಿ) ಸಾಲಾಗಿ ಜೋಡಿಸಿ ಕೊನೆಯದರ ತಿರುಗಿಸಿದ (0 ಇದ್ದರೆ 1, 1 ಇದ್ದರೆ 0) ಔಟ್‌ಪುಟನ್ನ ಮೊದಲನೆಯದಕ್ಕೆ ಕೊಡೋದು. ಎಲ್ಲವೂ ಒಂದೇ ಏರೋ ಎಡ್ಜಿಗೆ ಕೆಲಸ ಮಾಡೋದರಿಂದ ಡ್ಯೂಟಿಯ ಪ್ರಶ್ನೆಯೇ ಬರಲ್ಲ. ಎರಡು ಫ್ಲಾಪ್ ಇಟ್ಟರೆ 80ರಿಂದ 20, ಹಂತಕ್ಕೆ 90 ಡಿಗ್ರಿ. ನಾಲ್ಕು ಇಟ್ಟರೆ 160ರಿಂದ 20, ಹಂತಕ್ಕೆ 45, ತಿರುಗಿಸಿದ ಔಟ್‌ಪುಟ್‌ಗಳೂ ಸೇರಿ ನಿಮಗೆ ಬೇಕಾದ 8 ಫೇಸ್. ಎರಡು ಫ್ಲಾಪಿನ ಕ್ಲಾಕ್-ಟು-ಕ್ಯೂ (ಎಡ್ಜಿನಿಂದ ಔಟ್‌ಪುಟ್ ಬದಲಾಗೋವರೆಗಿನ ತಡ) ನಡುವೆ 10 ಪಿಕೋಸೆಕೆಂಡಿನ ವ್ಯತ್ಯಾಸ ಬಂದರೂ 0.07 ಡಿಗ್ರಿ. ಪವರ್ ಮಾತ್ರ ಏರುತ್ತೆ: ನಾಲ್ಕು ಫ್ಲಾಪಿಗೆ 100 ಫೆಮ್ಟೋಫ್ಯಾರಡ್ ಹಿಡಿದರೆ 160 ಮೆಗಾಹರ್ಟ್ಸಿನಲ್ಲಿ 52 ಮೈಕ್ರೋವ್ಯಾಟ್. ನಿಮ್ಮ ಮಿತಿಯ ಅಂಚು. ಆ 160 ಎಲ್ಲಿಂದ ತರ್ತೀರಿ ಅನ್ನೋದು ಬೇರೆ ಲೆಕ್ಕ.

ಮಡಕಶಿರಾ

ನಾನು ಡಿಜಿಟಲ್ ಕಡೆಯವನು, ಒಂದು ಸಣ್ಣ ಅನುಮಾನ. ಆರ್‌ಸಿ ಪಾಲಿಫೇಸ್ ಫಿಲ್ಟರ್ (ರೆಸಿಸ್ಟರ್, ಕೆಪ್ಯಾಸಿಟರ್ ಮಾತ್ರದಿಂದ ಫೇಸ್ ತೆಗೆಯುವುದು) ಹಾಕಿದರೆ ಪವರೇ ಬೇಡವಲ್ಲ? ಅಥವಾ ಎರಡು ಫೇಸಿನ ನಡುವೆ ಫೇಸ್ ಇಂಟರ್ಪೊಲೇಟರ್ (ಎರಡನ್ನೂ ತೂಕ ಕೊಟ್ಟು ಬೆರೆಸುವುದು) ಹಾಕಿ 45 ಡಿಗ್ರಿ ತೆಗೆಯಬಹುದಲ್ಲ?

ತಳಿ ರಸ್ತೆ, ಹೊಸೂರು

ಪಾಲಿಫೇಸ್ ಸೈನ್ ಅಲೆಗೆ ಸರಿ. ಚೌಕ ಅಲೆ ಕೊಟ್ಟರೆ ಪ್ರತಿ ಹಾರ್ಮೋನಿಕ್ಕೂ ಬೇರೆ ಎತ್ತರದಲ್ಲಿ ಹೊರಗೆ ಬಂದು ಆಕಾರವೇ ಕೆಡುತ್ತೆ, ಮತ್ತೆ ಚೌಕ ಮಾಡೋಕೆ ಕಂಪೇರೇಟರ್ ಬೇಕು. ಅದರ ಪವರು, ಅದರ ಆಫ್‌ಸೆಟ್ಟು. ಈ ಕೆಲಸಕ್ಕೆ ಬೇಡ.

ಇಂಟರ್ಪೊಲೇಟರ್ ಒಳ್ಳೆ ಪ್ರಶ್ನೆ. 0 ಮತ್ತು 90ರ ನಡುವೆ ತೂಕಗಳನ್ನ ನೇರ ಅನುಪಾತದಲ್ಲಿ ಬದಲಿಸಿದರೆ ಕೋನ ನೇರ ಅನುಪಾತದಲ್ಲಿ ಬದಲಾಗಲ್ಲ. ಕಾಲು ಭಾಗ ತೂಕಕ್ಕೆ 22.5 ಬರಬೇಕಾದಲ್ಲಿ 18.4 ಬರುತ್ತೆ, 4 ಡಿಗ್ರಿ ಕಡಿಮೆ. ನಡುವೆ ಎತ್ತರವೂ 0.707ಕ್ಕೆ ಇಳಿಯುತ್ತೆ. 45 ಡಿಗ್ರಿ ದೂರದ ಫೇಸ್‌ಗಳ ನಡುವೆ ಮಾಡಿದರೆ ಅದೇ ಕಾಲು ಭಾಗದಲ್ಲಿ ತಪ್ಪು ಅರ್ಧ ಡಿಗ್ರಿಗಿಂತ ಕೆಳಗೆ ಬರುತ್ತೆ. ಸೀರಿಯಲ್ ಲಿಂಕುಗಳಲ್ಲಿ ಫೇಸನ್ನ ಓಡುತ್ತಿರೋವಾಗಲೇ ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿಸಬೇಕು, ಅಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಎರಡು ಇನ್ವರ್ಟರ್ ಗೇಟು (0ಯನ್ನ 1, 1ನ್ನ 0 ಮಾಡೋವು) ಒಂದೇ ನೋಡನ್ನ ಎಳೆದಾಡೋ ಇಂಟರ್ಪೊಲೇಟರಿನಲ್ಲಿ, ಮೊದಲ ಎಡ್ಜ್ ಬಂದು ಎರಡನೆಯದು ಬರೋವರೆಗೆ ಒಂದು ಮೇಲೆ ಎಳೆಯುತ್ತೆ, ಇನ್ನೊಂದು ಕೆಳಗೆ. 20 ಮೆಗಾಹರ್ಟ್ಸಿನಲ್ಲಿ 90 ಡಿಗ್ರಿ ಅಂದರೆ 12.5 ನ್ಯಾನೋಸೆಕೆಂಡಿನ ಜಗಳ. ಗಿಗಾಹರ್ಟ್ಸಿನಲ್ಲಿ ಸಹಿಸಬಹುದು, ಇಲ್ಲಿ ಅಷ್ಟೂ ಹೊತ್ತು ಕರೆಂಟ್ ಸುಮ್ಮನೆ ಸುರಿದು ಹೋಗುತ್ತೆ.

ಅಕ್ಕಲಕೋಟ ಪವರ್

ತಂಗೀ, ನಾ ಚಿಪ್ ಮಾಡಾವ ಅಲ್ಲ. ಅಕ್ಕಲಕೋಟದಾಗ ಸೋಲಾರ್ ಇನ್ವರ್ಟರ್ ರಿಪೇರಿ ಮಾಡತೀನಿ, ಸೊಲ್ಲಾಪುರದ ಮಗ್ಗದ ಮೋಟಾರ್ ಡ್ರೈವ್ ಸುದ್ದಾ ಬರತಾವ. ನಿಮ್ಮ ಮಾತ್ನಾಗ 3ನೇ ಹಾರ್ಮೋನಿಕ್ ಅಂತ ಓದಿದ ಕೂಡ್ಲೆ ಸುಮ್ಮನಿರಾಕ ಆಗಲಿಲ್ಲ, ಅದು ನಮ್ಮ ದಿನದ ಗೋಳು.

ನಮ್ಮಲ್ಲಿ ಚೌಕ ಅಲಿ ಕೊಟ್ರ ಟ್ರಾನ್ಸ್‌ಫಾರ್ಮರ್ ಗುಂಯ್ ಅಂತೈತಿ, ಬಿಸಿ ಆಗತೈತಿ. ಅದಕ್ಕ 120 ಡಿಗ್ರಿ ಕಂಡಕ್ಷನ್ ಅಂತ ಮಾಡತೀವಿ. 120 ಡಿಗ್ರಿ ಮ್ಯಾಲೆ, 60 ಡಿಗ್ರಿ ಸೊನ್ನಿ, 120 ಕೆಳಗ, ಮತ್ತ 60 ಸೊನ್ನಿ. ಹಿಂಗ ಮಾಡಿದ್ರ 3ನೇ ಹಾರ್ಮೋನಿಕ್ ಪೂರಾ ಹೋಗತೈತಿ, 9ನೇದೂ ಹೋಗತೈತಿ. ಇದನ್ನ ಮಾಡಾಕ 60 ಡಿಗ್ರಿ ದೂರದ ಎರಡು ಚೌಕ ಅಲಿ ಕೂಡಿಸಿದ್ರ ಸಾಕು. ಒಂದರ 3ನೇ ಹಾರ್ಮೋನಿಕ್ ಇನ್ನೊಂದರದಕ್ಕ 180 ಡಿಗ್ರಿ ತಿರಗಿರತೈತಿ, ಎರಡೂ ಒಂದನ್ನೊಂದು ಹೊಡದಹಾಕತಾವ. ಆ ಹೊಸೂರಿನ ಸರ್ ಹೇಳಿದ ಕೌಂಟರಿನಾಗ ಮೂರು ಫ್ಲಾಪ್ ಇಟ್ರ 60 ಡಿಗ್ರಿ ತಾನ ಬರತೈತಿ ಅಲ್ಲೇನ್ರಿ? ನೀವು ಕೊಡೂ ಸಿಗ್ನಲಿನಾಗ 3ನೇದು ಇರಲಿಲ್ಲ ಅಂದ್ರ ಡಿಟೆಕ್ಟರ್ ಹೆಂಗರ ಇರಲಿ, ಹಿಡಿಯಾಕ ಅಲ್ಲಿ ಏನೂ ಇರೂದಿಲ್ಲ. 1.414 ತೂಕದ ಗದ್ದಲ ಯಾಕ ಬೇಕು?

ಇನ್ನೊಂದು ಮಾತು ಕೇಳತೀನಿ, ತಪ್ಪು ತಿಳೀಬ್ಯಾಡ್ರಿ. ಈ ಸೆನ್ಸರ್ ದಿನಪೂರ್ತಿ ಓಡತೈತೇನು? ಮಣ್ಣು 15 ನಿಮಿಷದಾಗ ಎಷ್ಟು ಒಣಗೀತು? 15 ನಿಮಿಷಕ್ಕೊಮ್ಮಿ ಎದ್ದು ಅಳದು ಮಲಗೂದಾದ್ರ ನೀವು ಮೈಕ್ರೋವ್ಯಾಟ್ ಎಣಸೂದು ಬಿಟ್ಟು ಒಂದು ಅಳತಿಗೆ ಎಷ್ಟು ಜೂಲ್ ಅಂತ ಎಣಸ್ರಿ. ಬ್ಯಾಟರಿ ತಿನ್ನೂದು ಜೂಲ್.

ಪೆರ್ಲದ ತೋಟ

ಅಣ್ಣ, ನಿಮ್ಮ 60 ಡಿಗ್ರಿ ಮಾತು ಓದಿ ರಾತ್ರಿಯೇ ಕುಳಿತು ಸಿಮ್ಯುಲೇಶನ್ ಮಾಡಿದೆ. ಮೂರು ಫ್ಲಾಪಿನ ಜಾನ್ಸನ್, 120 ಮೆಗಾಹರ್ಟ್ಸ್, ಎರಡು ಫೇಸನ್ನು ಸಮ ಕೆಪ್ಯಾಸಿಟರುಗಳ ಮೂಲಕ ಪಟ್ಟಿಗೆ ಕೂಡಿಸಿದ್ದು. ಸ್ಪೆಕ್ಟ್ರಮ್ಮಿನಲ್ಲಿ 60 ಮೆಗಾಹರ್ಟ್ಸಿನ ಗೆರೆ ಹೆಚ್ಚು ಕಡಿಮೆ ಮಾಯ. ಕೆಪ್ಯಾಸಿಟರ್ ಇರುವುದರಿಂದ ಪಟ್ಟಿಗೆ ಡಿಸಿ ಹೋಗುವುದಿಲ್ಲ, ಒದ್ದೆ ಮಣ್ಣಿನಲ್ಲಿ ಲೋಹ ಸವೆದು ಹೋಗುವ ಭಯವೂ ಇಲ್ಲ. ಹೊಸೂರಿನ ಸರ್ ಹೇಳಿದ ಹಾಗೆ ಬಫರಿನ ಸಪ್ಲೈ ಬೇರೆ ಮಾಡಿ ನೋಡಿದ್ದೂ ಆಯಿತು. 250ರಲ್ಲಿ 160 ಅಲ್ಲೇ ಉಂಟು.

ಜೂಲಿನ ಲೆಕ್ಕವೂ ಹಾಕಿದೆ. ಬ್ಯಾಟರಿ ಸಿಆರ್2032, 220 ಮಿಲಿಆಂಪ್ ಅವರ್. ಒಂದು ಅಳತೆಗೆ 200 ಮೈಕ್ರೋಸೆಕೆಂಡು ಸಾಕು. 250 ಮೈಕ್ರೋವ್ಯಾಟಿನ ಡಿಎಲ್‌ಎಲ್ ಆದರೂ ಅಷ್ಟು ಹೊತ್ತಿಗೆ 50 ನ್ಯಾನೋಜೂಲ್. ಹೊಸ ಕೌಂಟರಿಗೆ ಸುಮಾರು 29 ಮೈಕ್ರೋವ್ಯಾಟ್, ಅಂದರೆ 6 ನ್ಯಾನೋಜೂಲ್. ರೇಡಿಯೋ ಒಂದು ಪ್ಯಾಕೆಟಿಗೆ ತಿನ್ನುವುದು ಮಿಲಿಜೂಲ್! ಮಲಗಿರುವಾಗಿನ 2 ಮೈಕ್ರೋಆಂಪ್ ಒಂದೇ ವರ್ಷಕ್ಕೆ 17.5 ಮಿಲಿಆಂಪ್ ಅವರ್ ತಿನ್ನುತ್ತದೆ. ಹಾಗಾದರೆ ನಾನು ಮಾಡುತ್ತಿರುವ ಕೆಲಸಕ್ಕೆ ಅರ್ಥ ಉಂಟಾ ಎಂಬ ಪ್ರಶ್ನೆ ಬಂತು. ಗೈಡ್ ಹತ್ತಿರ ಏನು ಹೇಳಲಿ?

ಎರಡು ಕಡೆ ಇನ್ನೂ ಸಿಕ್ಕಿಹಾಕಿಕೊಂಡಿದ್ದೇನೆ. 60ರ ಹೆಜ್ಜೆಯಲ್ಲಿ 90 ಬರುವುದೇ ಇಲ್ಲ, ಉಪ್ಪು ಮತ್ತು ನೀರು ಹೇಗೆ ಬೇರೆ ಮಾಡುವುದು? ಮತ್ತು 120 ಮೆಗಾಹರ್ಟ್ಸ್ ಎಲ್ಲಿಂದ ತರುವುದು? ಹೊರಗಿಂದ ಕ್ರಿಸ್ಟಲ್ ಆಸಿಲೇಟರ್ ಇಟ್ಟರೆ ಅದು ಎದ್ದು ನಿಲ್ಲಲಿಕ್ಕೇ ಮಿಲಿಸೆಕೆಂಡು ಬೇಕು.

ತಳಿ ರಸ್ತೆ, ಹೊಸೂರು

ಅಕ್ಕಲಕೋಟದವರಿಗೆ ದೊಡ್ಡ ನಮಸ್ಕಾರ. ನಾನು 45 ಡಿಗ್ರಿಯ ದಾರಿಯನ್ನೇ ಹಿಡಿದಿದ್ದೆ, ಮೂರು ಫ್ಲಾಪಿನದು ನಿಜಕ್ಕೂ ಅದಕ್ಕಿಂತ ಚೆಂದ.

90 ಡಿಗ್ರಿ ಕಡ್ಡಾಯ ಅಲ್ಲ. ನಿಮಗೆ ಬೇಕಿರೋದು ಎರಡು ಬೇರೆ ಬೇರೆ ದಿಕ್ಕಿನಲ್ಲಿ ತೆಗೆದ ಎರಡು ಅಳತೆ. 0 ಡಿಗ್ರಿಯಲ್ಲಿ ಒಂದು, 60 ಡಿಗ್ರಿಯಲ್ಲಿ ಒಂದು ಅಳೆದು ಎರಡು ಸಮೀಕರಣ ಬಿಡಿಸಿದರೆ ಎರಡು ಪಾಲೂ ಸಿಗುತ್ತವೆ. ದಿಕ್ಕುಗಳು ಲಂಬವಾಗಿಲ್ಲದ್ದಕ್ಕೆ ತೆರೋ ದಂಡ ನಾಯ್ಸ್‌ನಲ್ಲಿ 1.15 ಪಟ್ಟು, ಅಷ್ಟೇ. 120ನ್ನೂ ಅಳೆದರೆ ಮೂರನೇ ಸಮೀಕರಣ ಸಿಗುತ್ತೆ. 0 ಮತ್ತು 120ರ ಅಳತೆ ಕೂಡಿಸಿದರೆ 60ರದ್ದೇ ಬರಬೇಕು. ಬರದೇ ಇದ್ದರೆ ಸರ್ಕ್ಯೂಟಿನಲ್ಲಿ ಎಲ್ಲೋ ಜಾರಿದೆ ಅಂತ ಚಿಪ್ಪೇ ನಿಮಗೆ ಹೇಳುತ್ತೆ. ತೋಟದಲ್ಲಿ ಹುಗಿದ ಮೇಲೆ ಆಸಿಲೋಸ್ಕೋಪ್ ಹಿಡಿದು ಹೋಗೋಕಾಗಲ್ಲ, ಇಂಥ ಒಳಗಿನ ಸಾಕ್ಷಿ ಬಹಳ ಮುಖ್ಯ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮಣ್ಣಿನ ಪಟ್ಟಿಯ ಪಕ್ಕದಲ್ಲೇ ಒಂದು ಸಿ0ಜಿ ಕೆಪ್ಯಾಸಿಟರ್ ಇಡಿ, ಅದರ ಟೆಂಪರೇಚರ್ ಬದಲಾವಣೆ ಡಿಗ್ರಿಗೆ 30 ಪಿಪಿಎಂ (ಹತ್ತು ಲಕ್ಷದಲ್ಲಿ 30 ಪಾಲು) ಒಳಗೆ. ಪ್ರತಿ ಸಲ ಎದ್ದಾಗ ಮೊದಲು ಅದನ್ನ ಅಳೆಯಿರಿ, ಆಮೇಲೆ ಮಣ್ಣನ್ನ. ಆ ಕೆಪ್ಯಾಸಿಟರಿನ ಉತ್ತರ ಯಾವ ದಿಕ್ಕಿನಲ್ಲಿ ಬಂತೋ ಅದೇ ಆ ಹೊತ್ತಿನ ನಿಮ್ಮ ನೀರಿನ ದಿಕ್ಕು. ಡ್ರೈವರ್, ಸ್ವಿಚ್ಚು, ವೈರು ಎಲ್ಲಾ ಸೇರಿ ಎಷ್ಟೇ ಡಿಗ್ರಿ ತಿರುಗಿಸಿದ್ದರೂ ಎರಡೂ ಅಳತೆ ಒಟ್ಟಿಗೆ ತಿರುಗಿರುತ್ತೆ. ಫೇಸನ್ನ ಸರ್ಕ್ಯೂಟಿನಲ್ಲಿ ತಿದ್ದೋಕೆ ಪವರ್ ಸುಡೋ ಬದಲು ಮೈಕ್ರೋಕಂಟ್ರೋಲರಿನಲ್ಲಿ ನಾಲ್ಕು ಗುಣಾಕಾರ ಮಾಡಿ ತಿದ್ದಿದ ಹಾಗಾಯ್ತು. ಕೌಂಟರಿನ ಹೆಜ್ಜೆ ಸಮವಾಗಿದ್ದರೆ ಸಾಕು. ಅದು ಸಮವಾಗಿಯೇ ಇರುತ್ತೆ.

120 ಮೆಗಾಹರ್ಟ್ಸಿಗೆ ಚಿಪ್ಪಿನೊಳಗೇ ರಿಂಗ್ ಆಸಿಲೇಟರ್ (ಇನ್ವರ್ಟರ್ ಗೇಟುಗಳನ್ನ ಉಂಗುರದ ಹಾಗೆ ಜೋಡಿಸಿದ್ದು) ಇಡಿ. ಒಂದು ನ್ಯಾಂಡ್ ಗೇಟು ಸೇರಿಸಿದರೆ ಎನೇಬಲ್ ಕೊಟ್ಟ ತಕ್ಷಣ ಓಡುತ್ತೆ, ಕೆಲವೇ ನ್ಯಾನೋಸೆಕೆಂಡು. 150 ಫೆಮ್ಟೋಫ್ಯಾರಡ್ ಲೆಕ್ಕದಲ್ಲಿ 58 ಮೈಕ್ರೋವ್ಯಾಟ್, ಅದೂ ಅಳೆಯೋ 200 ಮೈಕ್ರೋಸೆಕೆಂಡಿಗೆ ಮಾತ್ರ. ಕಾರ್ನರ್ ಬದಲಾದರೆ ಫ್ರೀಕ್ವೆನ್ಸಿ ಬಹಳ ಓಡಾಡುತ್ತೆ ಅಂತ ಹೆದರಬೇಡಿ. ಓಡಾಡಿದರೂ 60 ಡಿಗ್ರಿ 60 ಡಿಗ್ರಿಯೇ. ಜಿಟ್ಟರೂ (ಎಡ್ಜ್ ಆಚೀಚೆ ನಡುಗೋದು) ಇಲ್ಲಿ ತಲೆನೋವಲ್ಲ, ಕೊಡೋ ಸಿಗ್ನಲ್ಲು ಹಿಡಿಯೋ ಡಿಟೆಕ್ಟರು ಎರಡೂ ಒಂದೇ ಕ್ಲಾಕಿನವು, ಮೇಲಾಗಿ 4000 ಪೀರಿಯಡ್ ಸರಾಸರಿ ತೆಗೆಯುತ್ತೀರಿ. ಫ್ರೀಕ್ವೆನ್ಸಿ ನಿಜಕ್ಕೆ ಎಷ್ಟಿತ್ತು ಅಂತ ತಿಳಿಯೋಕೆ, ಹೇಗೂ ಓಡುತ್ತಿರೋ 32.768 ಕಿಲೋಹರ್ಟ್ಸ್ ವಾಚ್ ಕ್ರಿಸ್ಟಲಿನ ಒಂದು ಪೀರಿಯಡ್‌ನಲ್ಲಿ ರಿಂಗ್ ಎಷ್ಟು ಸಲ ತಿರುಗಿತು ಎಣಿಸಿ. 30.5 ಮೈಕ್ರೋಸೆಕೆಂಡಿನಲ್ಲಿ 3660ರ ಆಸುಪಾಸು ಬರುತ್ತೆ, ನಿಮಗೆ ಧಾರಾಳ ಸಾಕು.

ಗೈಡ್ ವಿಷಯ. ನಿಮ್ಮ ಕೆಲಸಕ್ಕೆ ಅರ್ಥ ಇದೆಯಾ ಅಂದಿರಿ. ಇದ್ದೇ ಇದೆ. ಕ್ರಿಸ್ಟಲ್ ಎದ್ದು ನಿಲ್ಲೋಕೆ 1 ಮಿಲಿಸೆಕೆಂಡು, ಆ ಹೊತ್ತಿನಲ್ಲಿ 300 ಮೈಕ್ರೋವ್ಯಾಟ್ ಅಂದುಕೊಂಡರೂ 300 ನ್ಯಾನೋಜೂಲ್. ಅಳತೆಗಿಂತ ಕಾಯೋದಕ್ಕೇ ಹೆಚ್ಚು. ನಿಮ್ಮ ಹೊಸ ಬ್ಲಾಕ್ ರಿಂಗೂ ಸೇರಿ 200 ಮೈಕ್ರೋಸೆಕೆಂಡಿಗೆ 17 ನ್ಯಾನೋಜೂಲ್, ಲಾಕ್ ಆಗೋಕೆ ಕಾಯಬೇಕಿಲ್ಲ, ಎಸ್‌ಎಸ್‌ನಲ್ಲಿ ತಪ್ಪು ಲಾಕಿನ ಭಯ ಇಲ್ಲ. 50 ಮೈಕ್ರೋವ್ಯಾಟ್ ಮಿತಿ ಫೇಸ್ ಬ್ಲಾಕಿಗೆ ಮಾತ್ರ ಅಂದರೆ 29ರಲ್ಲಿ ಒಳಗಿದ್ದೀರಿ. ರಿಂಗ್ ಸೇರಿಸಿ ಅಂದರೆ 87, ಹೊರಗಿದ್ದೀರಿ. ಇದನ್ನ ಮುಚ್ಚಿಡಬೇಡಿ. ಎರಡೂ ಸಂಖ್ಯೆ ಬರೆದು, ಪಕ್ಕದಲ್ಲಿ ಒಂದು ಅಳತೆಗೆ ಎಷ್ಟು ಜೂಲ್ ಅಂತ ಬರೆಯಿರಿ. ಕಡಿಮೆ ಪವರ್ ಅಂತ ಬರೆದ ಎಷ್ಟೋ ವರದಿಗಳಲ್ಲಿ ಕ್ಲಾಕ್ ಎಲ್ಲಿಂದ ಬಂತು ಅನ್ನೋದೇ ಇರಲ್ಲ. ಓದೋ ನನ್ನಂಥವನಿಗೆ ಮೊದಲು ಕಾಣೋದೇ ಆ ಖಾಲಿ ಜಾಗ.

ಲೇಔಟಿನ (ಚಿಪ್ಪಿನ ನಕ್ಷೆಯ) ಎರಡು ಮಾತು. ಮೂರು ಫ್ಲಾಪ್, ಆರು ಔಟ್‌ಪುಟ್. ನೀವು ಬಳಸೋದು ಮೂರೋ ನಾಲ್ಕೋ ಇರಬಹುದು, ಉಳಿದವಕ್ಕೂ ಅಷ್ಟೇ ಅಳತೆಯ ಡಮ್ಮಿ ಲೋಡ್ (ಕೆಲಸ ಮಾಡದ ಸುಳ್ಳು ಭಾರ) ಹಾಕಿ. ಇಲ್ಲದಿದ್ದರೆ ನಾನು ಹೇಳಿದ 10 ಪಿಕೋಸೆಕೆಂಡು 100 ಆಗೋಕೆ ಒಂದು ಉದ್ದ ವೈರ್ ಸಾಕು. ಆರಂಭದಲ್ಲಿ ರೀಸೆಟ್ ಕಡ್ಡಾಯ: ಮೂರು ಫ್ಲಾಪಿನ ಜಾನ್ಸನ್ ಕೌಂಟರಿಗೆ 8 ಸ್ಥಿತಿಗಳಲ್ಲಿ 6 ಮಾತ್ರ ಬೇಕಾದವು. ಉಳಿದ ಎರಡರಲ್ಲಿ, ಅಂದರೆ 010 ಮತ್ತು 101ರಲ್ಲಿ ಎದ್ದರೆ ಅವೆರಡರ ನಡುವೆಯೇ ಓಡಾಡಿಕೊಂಡು ಇರುತ್ತೆ, ಫೇಸೇ ಬರಲ್ಲ.

ಅಕ್ಕಲಕೋಟ ಪವರ್

5ನೇ ಹಾರ್ಮೋನಿಕ್ ಇನ್ನೂ ಉಳದೈತಿ, ಮರೀಬ್ಯಾಡ್ರಿ. ನಾವು ಅದಕ್ಕ ಚೋಕ್ ಹಾಕತೀವಿ. ನಿಮಗ ಒಂದು ಸಣ್ಣ ರೆಸಿಸ್ಟರ್ ಸಾಕಾಗಬಹುದು.

ಪೆರ್ಲದ ತೋಟ

ಹೌದು ಅಣ್ಣ, 100 ಮೆಗಾಹರ್ಟ್ಸಿನ ಗೆರೆ ಎದ್ದು ಕಾಣ್ತದೆ. ಪಟ್ಟಿಯ ದಾರಿಯಲ್ಲಿ 40 ಮೆಗಾಹರ್ಟ್ಸಿಗೆ ಮೂಲೆ (ಅದರ ಮೇಲಿನದ್ದು ತಗ್ಗುವ ಜಾಗ) ಬರುವ ಹಾಗೆ ರೆಸಿಸ್ಟರ್ ಇಟ್ಟೆ. 5ನೇದು 0.37ಕ್ಕೆ ಇಳಿಯಿತು. 20 ಮೆಗಾಹರ್ಟ್ಸ್ 27 ಡಿಗ್ರಿಯಷ್ಟು ತಿರುಗಿತು, ಆದರೆ ಸಿ0ಜಿ ಕೆಪ್ಯಾಸಿಟರಿಗೂ ಅದೇ ರೆಸಿಸ್ಟರ್ ದಾರಿಯಾಗಿರುವುದರಿಂದ ಲೆಕ್ಕದಲ್ಲಿ ಅದು ಹೆಚ್ಚಿನಂಶ ತೊಲಗ್ತದೆ. ಉಪ್ಪು ಜಾಸ್ತಿ ಆದಾಗ ಮಣ್ಣಿನ ಲೋಡ್ ಬೇರೆ, ಕೆಪ್ಯಾಸಿಟರಿನ ಲೋಡ್ ಬೇರೆ ಆಗಿ ಸ್ವಲ್ಪ ಉಳೀತದೆ. ಎಷ್ಟು ಉಳೀತದೆ ಎಂದು 0.01ರಿಂದ 0.1 ಸೀಮೆನ್ಸಿನವರೆಗೆ ಓಡಿಸ್ತಾ ಇದ್ದೇನೆ.

ಗೈಡ್ ಹತ್ತಿರ ಮಾತಾಡಿದೆ. ಎರಡೂ ಸಂಖ್ಯೆ ತೋರಿಸಿದೆ. ಮಿತಿಯನ್ನು ಫೇಸ್ ಬ್ಲಾಕಿಗೆ ಮಾತ್ರ ಇಟ್ಟು, ರಿಂಗನ್ನು ಬೇರೆ ಸಾಲಿನಲ್ಲಿ ಬರೆಯಲು ಒಪ್ಪಿದ್ದಾರೆ. ಪ್ರತಿ ಅಳತೆಯ ಜೂಲ್ ಕೋಷ್ಟಕ ಹಾಕಲೇಬೇಕು ಎಂದು ಈಗ ಅವರೇ ಹೇಳುತ್ತಾರೆ.

ರೀಸೆಟ್ ಸೇರಿಸಿದೆ, ಡಮ್ಮಿ ಲೋಡೂ ಹಾಕಿದೆ. ಮ್ಯಾಜಿಕ್ ಎಂಬ ಸಾಫ್ಟ್‌ವೇರಿನಲ್ಲಿ ಲೇಔಟ್ ಮುಗಿಸಿ, ವೈರುಗಳ ಪ್ಯಾರಾಸಿಟಿಕ್ (ಬೇಡದಿದ್ದರೂ ಬರುವ) ಕೆಪ್ಯಾಸಿಟೆನ್ಸನ್ನೂ ಲೆಕ್ಕಕ್ಕೆ ಸೇರಿಸಿದ ನಂತರದ ಐದು ಕಾರ್ನರಿನ ಫೇಸ್ ಸಂಖ್ಯೆಗಳನ್ನು ಇಲ್ಲೇ ಹಾಕ್ತೇನೆ. ಅದರ ನಡುವೆ ತೋಟದ ಮೂರು ಜಾಗದ ಮಣ್ಣು ತಂದು, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಕ ತೆಗೆದು, ಬೇರೆ ಬೇರೆ ಪ್ರಮಾಣದ ನೀರು ಸೇರಿಸಿ ಬೆಂಚಿನ ಮೇಲೆ ಅಳೆಯುವುದು ಬಾಕಿ ಉಂಟು. ಮುರ ಮಣ್ಣಿನ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟನ್ನು 20 ಮತ್ತು 100 ಮೆಗಾಹರ್ಟ್ಸ್ ಎರಡರಲ್ಲೂ ಅಳೆದವರು ಯಾರಾದರೂ ಇಲ್ಲಿದ್ದರೆ ತಿಳಿಸಿ. 5ನೇ ಹಾರ್ಮೋನಿಕನ್ನು ಎಷ್ಟಕ್ಕೆ ಬಿಡಬಹುದು ಎಂದು ಅದರಿಂದಲೇ ನಿರ್ಧಾರ ಮಾಡಬೇಕು.